ಏಳು ವರ್ಷ ಕಾದ ಒಬ್ಬಟ್ಟು

“ಬುದ್ಧಿ, ಮಿಕ್ಕಿದ್ದನ್ನ ಕೊಟ್ರೆ ಸಲ್ತದಾ?” ಎಂದು ರಾಚಪ್ಪ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಏನು ಮಿಕ್ಕಿದೆ, ಯಾರಿಗೆ ಕೊಡಬೇಕು ಎಂದು ವಿಚಾರಿಸಲಿಲ್ಲ. ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿದರು. ರಾಚಪ್ಪನಿಗೆ ಬಾಯಿ ಬಿಡಲು ಅಷ್ಟೇ ಸಾಕಾಯಿತು.

ಅವನು ಪೇಟೆಬೀದಿಯಲ್ಲಿ ನಲವತ್ತು ವರ್ಷ ಬಟ್ಟೆ ಹೊಲಿದವನು. ಹನ್ನೆರಡು ವರ್ಷದ ಹಿಂದೆಯೇ ಮಠದ ಸೇವೆಗೆ ನಿಲ್ಲಬೇಕೆಂದು ಮನಸ್ಸು ಮಾಡಿದ್ದ. ಆಗ ದೊಡ್ಡ ಮಗಳ ಮದುವೆ ಬಂತು. ಆಮೇಲೆ ಚಿಕ್ಕವಳದು. ಆಮೇಲೆ ಮನೆ ಕಟ್ಟುವುದು, ಮಗನನ್ನು ಅಂಗಡಿಗೆ ಕೂರಿಸುವುದು. ಒಂದು ಮುಗಿಯುವುದರೊಳಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

“ಗಟ್ಟಿಯಾಗಿದ್ದದ್ದನ್ನೆಲ್ಲ ಸಂಸಾರ ತಿಂತು ಬುದ್ಧಿ. ಈಗ ಉಳ್ದಿರೋದು ತಂಗಳು. ಮಂಡಿ ಮಡಚಕ್ಕಾಗಲ್ಲ, ಸೂಜಿಗೆ ದಾರ ಪೋಣಿಸಬೇಕಾದ್ರೆ ಮೂರು ಸಲ ಬೇಕು. ಇದನ್ನ ತಂದು ನಿಮ್ಮ ಮುಂದೆ ಇಡಕ್ಕೆ ನಾಚ್ಕೆ ಆಯ್ತದೆ. ಕಣ್ಣಿನ ಆಪರೇಷನ್ ಒಂದು ಆಗ್ಲಿ. ನಾಲ್ಕು ವಚನ ಬಾಯಿಪಾಠ ಮಾಡ್ಕೊಂಡು, ಒಳ್ಳೆ ದಿನ ನೋಡ್ಕೊಂಡು ಬತ್ತೀನಿ.”

“ಬರುವೆಯಂತೆ. ಒಂದು ಕತೆ ಕೇಳಿಕೊಂಡು ಹೋಗು. ಕೈ ಮಾತ್ರ ನಿಲ್ಲಿಸಬೇಡ” ಎಂದರು ಗುರುಗಳು. ರಾಚಪ್ಪ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡ. ಗುರುಗಳು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ರೈತ. ಮನೆಯಲ್ಲಿ ಅವನ ತಾಯಿ ಮತ್ತು ಹೆಂಡತಿ. ಅತ್ತೆಯ ಕೈಯಲ್ಲಿ ಅನ್ನದ ಒಂದು ಅಗುಳೂ ವ್ಯರ್ಥವಾಗುತ್ತಿರಲಿಲ್ಲ. ರಾತ್ರಿ ಮಿಕ್ಕ ಮುದ್ದೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕದಡಿ ಅಂಬಲಿಯಾಗುತ್ತಿತ್ತು. ತಳದ ಸಾರು ಒಲೆಯ ಮೇಲೆ ಬತ್ತಿ ಗೊಜ್ಜಾಗುತ್ತಿತ್ತು. ಅನ್ನ ಮಿಕ್ಕರೆ ಬೇಸಿಗೆಯಲ್ಲಿ ಸಂಡಿಗೆ, ಉಳಿದ ಕಾಲದಲ್ಲಿ ರೊಟ್ಟಿ. ಆ ಮನೆಯ ನಾಯಿ ಹೊಟ್ಟೆಪಾಡಿಗೆ ಪಕ್ಕದ ಮನೆಗೆ ಹೋಗುತ್ತದೆ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ಅತ್ತೆಗೆ ಆ ಮಾತು ಕೇಳಿ ಹೆಮ್ಮೆಯೇ ಆಗುತ್ತಿತ್ತು.

ಸೊಸೆಯ ಮೊದಲ ಹೆರಿಗೆ ಬಹಳ ಕಷ್ಟವಾಯಿತು. ಹೊಳೆಯಾಚೆಯ ಊರಿನಿಂದ ಸೂಲಗಿತ್ತಿ ನಡೆದು ಬಂದಳು. ಎರಡು ಹಗಲು ಎರಡು ರಾತ್ರಿ ಪಕ್ಕ ಬಿಟ್ಟು ಏಳಲಿಲ್ಲ. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸೂಲಗಿತ್ತಿಯನ್ನು ಕರೆದು, ಮಣೆಯ ಮೇಲೆ ಕೂರಿಸಿ, ಒಬ್ಬಟ್ಟಿನ ಊಟ ಹಾಕಿ, ಅವಳು ಉಂಡು ಎದ್ದ ಮೇಲೆ ಬಾಣಂತಿ ಉಣ್ಣುವುದು ಆ ಸೀಮೆಯ ಪದ್ಧತಿ. ಆ ದಿನ ಸೂಲಗಿತ್ತಿಗೆ ಇನ್ನೊಂದು ಊರಿನಿಂದ ಕರೆ ಬಂತು. ಹಾಕಿದ ಮಣೆ ಹಾಗೆಯೇ ಉಳಿಯಿತು.

ಸೊಸೆಗೆ ಅದು ಮನಸ್ಸಿನಲ್ಲಿ ಕೂತುಬಿಟ್ಟಿತು. ಜೀವ ಉಳಿಸಿದವಳಿಗೆ ಒಂದು ಹೊತ್ತು ಊಟ ಹಾಕಲಿಲ್ಲವಲ್ಲ ಎಂದು ಕೊರಗಿದಳು. ಅವಳಿಗೆ ಕೈಯಾರೆ ಉಣ್ಣಿಸುವ ತನಕ ತಾನು ಒಬ್ಬಟ್ಟು ಮುಟ್ಟುವುದಿಲ್ಲ ಎಂದು ನೇಮ ಹಿಡಿದಳು.

ಸೂಲಗಿತ್ತಿ ಆ ದಾರಿಯಲ್ಲಿ ತಿಂಗಳಿಗೆ ಒಂದೆರಡು ಸಲವಾದರೂ ಹಾದುಹೋಗುತ್ತಿದ್ದಳು. ಕಂಡ ಕೂಡಲೆ ಸೊಸೆ ಓಡಿಬಂದು ಕೈ ಹಿಡಿದುಕೊಳ್ಳುತ್ತಿದ್ದಳು. ಯುಗಾದಿಗೆ ಬನ್ನಿ, ಗೌರಿಹಬ್ಬಕ್ಕೆ ಬನ್ನಿ, ನಿಮಗೆ ಒಬ್ಬಟ್ಟು ಮಾಡಿ ಹಾಕಬೇಕು ಎನ್ನುತ್ತಿದ್ದಳು. ಅವಳು ಆಗಲಿ ಎಂದು ನಗುತ್ತಿದ್ದಳು. ಜಗಲಿಯ ಮೇಲೆ ಒಂದು ಗಳಿಗೆ ಕೂತು, ಕೊಟ್ಟ ನೀರು ಕುಡಿದು ಹೊರಟುಬಿಡುತ್ತಿದ್ದಳು. ಹಬ್ಬ ಬಂದಾಗ ಸೊಸೆ ಒಬ್ಬಟ್ಟು ತಟ್ಟಿಟ್ಟು ಹೊತ್ತು ಮುಳುಗುವ ತನಕ ದಾರಿ ಕಾಯುತ್ತಿದ್ದಳು. ಹುಟ್ಟುವ ಮಕ್ಕಳಿಗೆ ಹಬ್ಬ ಹರಿದಿನ ಗೊತ್ತೇ? ಅವಳು ಬರುತ್ತಿರಲಿಲ್ಲ. ಮನೆಯವರೆಲ್ಲ ತಿನ್ನುತ್ತಿದ್ದರು, ಸೊಸೆ ಬರೀ ಅನ್ನ ಸಾರು ಉಣ್ಣುತ್ತಿದ್ದಳು. ಹೀಗೇ ಏಳು ವರ್ಷ ಕಳೆಯಿತು.

ಒಂದು ಮಧ್ಯಾಹ್ನ ಮನೆಯವರ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಸೂಲಗಿತ್ತಿ ಬಂದು ಜಗಲಿಯ ಮೇಲೆ ಕುಳಿತಳು. ವಯಸ್ಸಾಗಿತ್ತು, ಬಿಸಿಲಿಗೆ ಬಳಲಿದ್ದಳು. ಮುಂದಿನ ಊರಿನಲ್ಲಿ ಒಬ್ಬಳಿಗೆ ಬೆಳಗಿನಿಂದ ನೋವು ಬರುತ್ತಿದೆ, ಅಲ್ಲಿಗೆ ಹೋಗಬೇಕು ಎಂದಳು. “ಏನಾರ ಇದ್ರೆ ಒಂದು ತುತ್ತು ಕೊಡವ್ವ” ಎಂದೂ ಕೇಳಿದಳು. ಏಳು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಸೊಸೆ ಒಳಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದಳು. ತಳದಲ್ಲಿ ಎರಡು ಸೌಟು ತಣ್ಣಗಿನ ಅನ್ನ, ಪಕ್ಕದ ಬಟ್ಟಲಲ್ಲಿ ಚೂರು ಸೊಪ್ಪಿನ ಪಲ್ಯ. ತಂಗಳನ್ನವನ್ನು ಜೀತದಾಳಿನ ತಟ್ಟೆಗೆ ಸುರಿಯುವ ಊರು ಅದು. ತನ್ನನ್ನು ಸಾವಿನ ಬಾಯಿಂದ ಎಳೆದು ತಂದವಳಿಗೆ ಅದನ್ನು ಬಡಿಸುವುದೇ ಎಂದು ಮುಚ್ಚಳ ಮುಚ್ಚಿದಳು. ಒಂದು ಗಳಿಗೆ ಕೂತಿರಿ ಎಂದು ಕೂಗಿ ಹೇಳಿ, ಒಲೆ ಊದಿ, ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಳು. ಬೆಲ್ಲ ಕುಟ್ಟಿದಳು, ಕಣಕ ಕಲಸಿದಳು. ಅವಳಿಗಿದ್ದ ಅವಸರ ಬೇಳೆಗೆ ಇರಬೇಕಲ್ಲ.

ಸೂಲಗಿತ್ತಿ ಎರಡು ಸಲ ಬಿಸಿಲು ನೋಡಿದಳು. ಮೂರನೆಯ ಸಲ ನೋಡಿ ಎದ್ದು ನಿಂತಳು. ಇನ್ನೊಂದು ದಿನ ಬರುತ್ತೇನೆ, ಅಲ್ಲಿ ಆ ಹುಡುಗಿ ಒದ್ದಾಡುತ್ತಿರುತ್ತಾಳೆ ಎಂದು ಹೇಳಿ ಹೊರಟೇಬಿಟ್ಟಳು. ಸೊಸೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು, ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು.

ಅಷ್ಟು ಹೊತ್ತೂ ರಾಗಿ ಹಸನು ಮಾಡುತ್ತಿದ್ದ ಅತ್ತೆ ಎದ್ದು ಬಂದಳು.

“ಊಟಕ್ಕಿಲ್ಲದ ಉಪ್ಪಿನಕಾಯಿ ಕಣೆ ನಿನ್ನ ಒಬ್ಬಟ್ಟು. ಪಾತ್ರೇಲಿ ಅನ್ನ ಇತ್ತಲ್ಲ?”

“ತಂಗಳು ಹಾಕ್ಲಾ ಅತ್ತೆ ಅವ್ರಿಗೆ?”

“ರಾತ್ರಿಗೆ ಅದ್ರಲ್ಲೇ ನೀನೂ ನಾನೂ ರೊಟ್ಟಿ ತಟ್ಕೊಂಡು ತಿನ್ನೋರು ತಾನೆ? ನಮ್ಮ ಬಾಯಿಗೆ ಆಗೋದು ಅವಳ ಬಾಯಿಗೆ ಯಾಕಾಗಲ್ಲ?”

ಅತ್ತೆ ಮಾತಿಗೆ ನಿಲ್ಲಲಿಲ್ಲ. ಅನ್ನವನ್ನು ಕೈಯಲ್ಲಿ ಚೆನ್ನಾಗಿ ಮಿದಿದಳು. ಅದಕ್ಕೆ ಪಲ್ಯ ಬೆರೆಸಿ, ಎರಡು ಹಿಡಿ ಅಕ್ಕಿ ಹಿಟ್ಟು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ನಾದಿದಳು. ಬೇಳೆಯ ಪಾತ್ರೆಯನ್ನು ಪಕ್ಕಕ್ಕೆ ಇಳಿಸಿ ಹೆಂಚು ಇಟ್ಟಳು. ಹೊಸ ಹಿಟ್ಟಿನ ರೊಟ್ಟಿ ಆರಿದರೆ ಬಿರುಸಾಗುತ್ತದೆ. ಹಳೆಯ ಅನ್ನ ಬಿದ್ದ ರೊಟ್ಟಿ ಹತ್ತಿಯ ಹಾಗೆ ಮೆತ್ತಗಿರುತ್ತದೆ, ಹಲ್ಲಿಲ್ಲದವರೂ ತಿನ್ನಬಹುದು. ಎರಡು ರೊಟ್ಟಿ ಬೆಂದವು. ಸೊಸೆ ಅವನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಓಡಿದಳು.

ಕಾಲುವೆಯ ಏರಿಯ ಮೇಲೆ ಸೂಲಗಿತ್ತಿ ಸಿಕ್ಕಳು. ನಿಲ್ಲಲು ಅವಳಿಗೆ ಪುರುಸೊತ್ತಿರಲಿಲ್ಲ. ನಡೆಯುತ್ತಲೇ ತಿಂದಳು. ಸೊಸೆ ಎಲೆಯನ್ನು ಅಂಗೈಯಲ್ಲಿ ಹರಡಿ ಹಿಡಿದುಕೊಂಡು ಪಕ್ಕದಲ್ಲೇ ಹೆಜ್ಜೆ ಹಾಕಿದಳು. ಮಣೆಯಿಲ್ಲ, ತುಪ್ಪವಿಲ್ಲ, ಕೂರಿಸಿ ಬಡಿಸುವ ಭಾಗ್ಯವಿಲ್ಲ. ರೊಟ್ಟಿಯ ಕೊನೆಯ ಚೂರನ್ನೂ ಮುದುಕಿ ಬಿಡಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಸೊಸೆಯ ತಲೆಯ ಮೇಲೆ ಕೈ ಇಟ್ಟಳು.

“ನಿನ್ನ ಹೊಟ್ಟೆ ತಣ್ಣಗಿರಲಿ ಕಣವ್ವ. ಏಳು ವರ್ಷದಿಂದ ನಿನ್ನ ಮನೆ ಮುಂದೆ ಹಸ್ಕೊಂಡೇ ಹೋಗ್ತಿದ್ದೆ” ಎಂದು ಹೇಳಿ ಮುಂದೆ ನಡೆದಳು.

ಸೊಸೆ ಅವಳು ಕಣ್ಮರೆಯಾಗುವ ತನಕ ಅಲ್ಲೇ ನಿಂತಿದ್ದಳು. ಅಷ್ಟು ಸಲ ಕೈ ಹಿಡಿದು ಮಾತಾಡಿಸಿದ್ದಳು, ಅಷ್ಟು ಸಲ ಹಬ್ಬಕ್ಕೆ ಕರೆದಿದ್ದಳು. ಊಟ ಆಯಿತೇ ಎಂದು ಒಂದು ಸಲವೂ ಕೇಳಿರಲಿಲ್ಲ. ಆದರೂ ಆ ಮುದುಕಿ ಕೊನೆಗೆ ಬಂದು ತನ್ನ ಬಾಗಿಲಲ್ಲೇ ಕೇಳಿದಳಲ್ಲ, ತನಗೆ ಕೊಡುವ ಅವಕಾಶ ಕೊಟ್ಟಳಲ್ಲ ಎಂದು ಅವಳಿಗೆ ಮನಸ್ಸು ತುಂಬಿ ಬಂತು. ಮನೆಗೆ ಬರುವಷ್ಟರಲ್ಲಿ ಬೇಳೆ ಬೆಂದಿತ್ತು. ಅತ್ತೆ ಕಟ್ಟನ್ನು ಸಾರಿಗೆಂದು ಬಸಿದಿಟ್ಟು ಒಬ್ಬಟ್ಟು ತಟ್ಟುತ್ತಿದ್ದಳು. ಮೊದಲನೆಯದನ್ನು ಸೊಸೆಯ ಎಲೆಗೆ ಹಾಕಿ, ಉಣ್ಣಿಸಿ ಬಂದೆಯಲ್ಲ, ಇನ್ನು ತಿನ್ನು ಎಂದಳು. ಸೊಸೆ ಅಳುತ್ತಲೇ ತಿಂದಳು. ಅಷ್ಟು ರುಚಿಯಾದ ಒಬ್ಬಟ್ಟನ್ನು ತಾನು ಹುಟ್ಟಿದಾಗಿನಿಂದ ತಿಂದಿಲ್ಲ ಎಂದು ಅವಳಿಗೆ ಅನ್ನಿಸಿತು.

ಗುರುಗಳು ಕತೆ ನಿಲ್ಲಿಸಿದರು. ಮೊರದಲ್ಲಿ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಆಗಿತ್ತು. ರಾಚಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡ. ಕತೆ ಅವನಿಗೆ ಹಿಡಿಸಿತ್ತು. ಆ ಸೊಸೆಯ ಮೇಲೆ ಅವನಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

“ಅವಳು ಪುಣ್ಯ ಮಾಡಿದ್ಲು ಬುದ್ಧಿ. ನನ್ನ ಬಾಗಿಲ ಮುಂದೆ ಹಂಗೆ ಯಾರೂ ಬರಲಿಲ್ವಲ್ಲ” ಎಂದ.

ಗುರುಗಳು ಮೊರ ಎತ್ತಿಕೊಂಡು ಒಳಗೆ ಹೊರಟವರು ಹೊಸಿಲಲ್ಲಿ ನಿಂತು ಹೇಳಿದರು: “ಮಠದ ಮಕ್ಕಳು ಇಷ್ಟು ವರ್ಷವೂ ಗುಂಡಿ ಕಿತ್ತ ಅಂಗಿಯಲ್ಲೇ ನಿನ್ನ ಅಂಗಡಿ ಮುಂದೆ ಸ್ಕೂಲಿಗೆ ಹೋಗುತ್ತಿದ್ದಾರಲ್ಲ, ರಾಚಪ್ಪ.”