ಆನೆಲಾಯಕ್ಕೆ ಅಡ್ಡ ಬಂದ ಕರ್ಣಕುಂಡಲ

ಒಂದೂರಿತ್ತಂತೆ. ಊರಿಗೊಬ್ಬ ರಾಜ, ರಾಜನಿಗೊಂದು ಆನೆ. ಆನೆಗೆ ಮಾತ್ರ ಲಾಯವಿರಲಿಲ್ಲವಂತೆ. ಆನೆ ಎಷ್ಟು ದೊಡ್ಡದಪ್ಪಾ ಅಂದರೆ, ಅದರ ಬಾಲ ಅರಮನೆ ಬಾಗಿಲು ದಾಟುವಷ್ಟರಲ್ಲಿ ಸೊಂಡಿಲು ಸಂತೆಯಲ್ಲಿ ಬೆಲ್ಲ ತಿಂದು ಮುಗಿಸಿರುತ್ತಿತ್ತಂತೆ. ಇದರಲ್ಲಿ ಒಂದು ಮೊಳ ಹೆಚ್ಚುಕಡಿಮೆ ಇರಬಹುದು, ಅದಕ್ಕಿಂತ ಜಾಸ್ತಿ ಸುಳ್ಳಿಲ್ಲ.

ಅರಮನೆಯ ಗೋಡೆಗೆ ಒತ್ತಿಕೊಂಡೇ ದೊಡ್ಡೀರ ಅನ್ನೋನ ಮನೆ. ಮನೆ ಅಂದರೆ ಒಂದೇ ಅಂಕಣ. ಹಿತ್ತಲು ಮಾತ್ರ ವಿಶಾಲ. ಆ ಹಿತ್ತಲು ಅವನ ಹೆಂಡತಿ ಸಾಕವ್ವನ ಜೀವ. ವರ್ಷಾನುವರ್ಷ ನಿಲ್ಲುವ ದಾಸವಾಳ, ಕಣಗಿಲೆ, ದುಂಡುಮಲ್ಲಿಗೆ ಬೇಲಿ ಪಕ್ಕಕ್ಕೆ; ಒಂದೇ ಮಳೆಗಾಲ ಬದುಕಿ ಹೋಗುವ ಚೆಂಡುಹೂ, ಕೋಳಿಜುಟ್ಟು, ಕರ್ಣಕುಂಡಲ ನಡುವೆ. ದೊಡ್ಡ ಗಿಡ ಮೈ ತುಂಬಿಕೊಳ್ಳುವವರೆಗೆ ಸಣ್ಣವು ಖಾಲಿ ಜಾಗ ಕಾಯಬೇಕು ಅನ್ನೋದು ಅವಳ ಕ್ರಮ. ನೀರು ಹೊರೋಳು ಅವಳು, ಕಳೆ ಕೀಳೋಳು ಅವಳು, ಗೊಬ್ಬರ ಹಾಕೋಳು ಅವಳು. ದೊಡ್ಡೀರನ ಪಾಲಿಗೆ ಉಳಿದದ್ದು ಒಂದೇ ಕೆಲಸ: ಊರ ಮುಂದಿನ ಕಟ್ಟೆ ಮೇಲೆ ಕೂತು ಹಿತ್ತಲನ್ನು ಹೊಗಳೋದು. ಅದನ್ನವನು ಒಂದು ದಿನವೂ ತಪ್ಪಿಸಿದವನಲ್ಲವಂತೆ.

ಹೀಗಿರುವಾಗ ಒಂದು ದಿನ ಅವನ ಮಾತು ಸ್ವಲ್ಪ ದೂರ ಹೋಯಿತು.

"ನನ್ನ ಕೈಗುಣ ನೋಡ್ರಪ್ಪ. ನಾನು ನೆಟ್ಟ ಗಿಡ ಎರಡು ಅಮಾವಾಸ್ಯೆ ಕಳೆಯೋದರೊಳಗೆ ಹೂ ಬಿಡ್ತದೆ. ಬಿಟ್ಟಮೇಲೆ ಸಾಯೋದೇ ಇಲ್ಲ. ಯಮ ಬಂದರೂ ಒಂದು ಹೂ ಕಿವಿಗಿಟ್ಕೊಂಡು ವಾಪಸ್ ಹೋಗ್ತಾನೆ."

ಮಾತು ಗೋಡೆ ಹತ್ತಿ ರಾಜನ ಕಿವಿಗೆ ಬಿತ್ತು. ರಾಜ ಕರೆಸಿದ.

"ಏನಯ್ಯ, ನಿನ್ನ ಕೈಗುಣ ಅಷ್ಟು ದೊಡ್ಡದಾ?"

"ಸಂಕೋಚಕ್ಕೆ ಒಂಚೂರು ಕಡಿಮೆ ಮಾಡಿ ಹೇಳಿದೀನಿ ಬುದ್ಧಿ."

"ಹಾಗಾದರೆ ಹೊಸದಾಗಿ ಒಂದು ಗಿಡ ಹಾಕು. ಎರಡು ಅಮಾವಾಸ್ಯೆಯೊಳಗೆ ಹೂ ಬಿಡಬೇಕು, ಬಿಟ್ಟಮೇಲೆ ಸಾಯಬಾರದು. ಎರಡರಲ್ಲಿ ಒಂದು ತಪ್ಪಿದರೂ ಹಿತ್ತಲು ನಮ್ಮದು. ಅಲ್ಲಿ ಆನೆಗೆ ಲಾಯ ಕಟ್ಟಿಸ್ತೀವಿ."

"ಆಗಲಿ ಬುದ್ಧಿ" ಅಂತ ದೊಡ್ಡೀರನ ಬಾಯಿ ಅಂದುಬಿಟ್ಟಿತು. ಕಾಲು ಮಾತ್ರ ಕಟ್ಟೆ ಕಡೆ ತಿರುಗದೆ ನೇರ ಮನೆ ದಾರಿ ಹಿಡಿಯಿತಂತೆ. ದಿನಾ ಹನ್ನೆರಡು ಮುದ್ದೆ ಉಣ್ಣೋನು ಅವತ್ತು ಸಂಕಟಕ್ಕೆ ಒಂಬತ್ತಕ್ಕೇ ಕೈ ತೊಳೆದುಕೊಂಡ.

"ಸಾಕಿ, ಸಂಪಿಗೆ ಹಾಕಿದರೆ ಹೆಂಗೆ? ನೂರು ವರ್ಷ ಸಾಯಲ್ಲ."

"ಹೂ ಬಿಡೋಕೆ ಏಳು ವರ್ಷ ಬೇಕು. ಅಷ್ಟೊತ್ತಿಗೆ ಆನೆ ಇಲ್ಲೇ ಮರಿ ಹಾಕಿರ್ತದೆ."

"ಕರ್ಣಕುಂಡಲ?"

"ಎರಡು ಅಮಾವಾಸ್ಯೆಯೊಳಗೆ ಬಿಡ್ತದೆ. ದೀಪಾವಳಿಗೆ ಒಣಗ್ತದೆ."

"ಬೇಗ ಬಿಡೋದು ಉಳಿಯಲ್ಲ, ಉಳಿಯೋದು ಬೇಗ ಬಿಡಲ್ಲ. ಇದ್ಯಾವ ನ್ಯಾಯ?"

"ಕಟ್ಟೆ ಹತ್ತೋಕೆ ಮುಂಚೆ ಕೇಳಿದ್ರೆ ನಾನೇ ಹೇಳ್ತಿದ್ದೆ," ಅಂದಳು ಸಾಕವ್ವ. ಆಮೇಲೆ ಗೂಡಿನಲ್ಲಿಟ್ಟಿದ್ದ ಬೀಜದ ಗಂಟು ಬಿಚ್ಚುತ್ತಾ, "ಕರ್ಣಕುಂಡಲವೇ ಹಾಕು. ಅದು ಒಣಗೋ ಕಾಲಕ್ಕೆ ನೀನೊಂದು ಕೆಲಸ ಮಾಡಬೇಕು," ಅಂದಳು.

"ನೀರು ಹೊರಬೇಕಾ?" ಅಂತ ಹೆದರಿಕೊಂಡೇ ಕೇಳಿದ.

"ನಿನಗೆ ಬರೋ ಕೆಲಸವೇ. ಬಡಾಯಿ ಕೊಚ್ಚಬೇಕು. ರಾಜರೇ ಬಂದು ಅವರ ಕೈಯಾರೆ ಆ ಗಿಡ ಕೀಳೋ ಹಂಗೆ ಮಾಡು. ಅಲ್ಲಿವರೆಗೂ ಕಾಯಿ ಮಾತ್ರ ಮುಟ್ಟಬೇಡ."

ದೊಡ್ಡೀರ ಬೀಜ ಊರಿದ. ಮಳೆ ಬಂತು, ಮೊಳಕೆ ಬಂತು, ಎರಡನೇ ಅಮಾವಾಸ್ಯೆಗೆ ಮೂರು ದಿನ ಇರುವಾಗ ಗೆಣ್ಣುಗೆಣ್ಣಿಗೂ ಗುಲಾಬಿ ಬಣ್ಣದ ಹೂ ತೂಗಿದವು. ರಾಜ ಗೋಡೆ ಮೇಲಿಂದ ಇಣುಕಿ ತಲೆಯಾಡಿಸಿದ. ಮೊದಲನೇ ಮಾತು ಉಳಿಯಿತು. ದಸರಾ ಕಳೆಯಿತು, ಎಲೆ ಹಳದಿಯಾಯಿತು, ಕಾಯಿ ಬಲಿತು ಉಬ್ಬಿದವು. ಈಗ ಎರಡನೇ ಮಾತು ಹೋಗುವ ಕಾಲ. ದೊಡ್ಡೀರ ರುಮಾಲು ಕಟ್ಟಿಕೊಂಡು ಆಸ್ಥಾನಕ್ಕೆ ಹೋದ.

"ಬುದ್ಧಿ, ಗಿಡ ಬಾಡಿರೋದು ನಿಜ. ಆದರೆ ಸತ್ತಿದೆ ಅನ್ನಬೇಕಾದರೆ ಕಿತ್ತು ನೋಡಬೇಕಲ್ಲ? ಅದರ ಬೇರು ಪಾತಾಳಕ್ಕಿಳಿದು ಆದಿಶೇಷನ ಬಾಲಕ್ಕೆ ಮೂರು ಸುತ್ತು ಸುತ್ಕೊಂಡಿದೆ. ಏಳು ಜನ ಪೈಲ್ವಾನರು ಎಳೆದರು. ಏಳೂ ಜನ ಈಗ ಸೊಂಟಕ್ಕೆ ಎಣ್ಣೆ ತಿಕ್ಕಿಸ್ಕೊಂಡು ಮಲಗವ್ರೆ. ಅದನ್ನ ಕೀಳೋ ತೋಳು ಈ ರಾಜ್ಯದಲ್ಲೇ ಇಲ್ಲ."

ರಾಜ್ಯದಲ್ಲಿ ರಾಜನ ತೋಳೂ ಇತ್ತಲ್ಲ. ರಾಜ ಎದ್ದ. ಮಂತ್ರಿ ಹಿಂದೆ ಬಂದ, ಆನೆ ಅವನ ಹಿಂದೆ ಬಂತು. ರಾಜ ಹಿತ್ತಲಲ್ಲಿ ಕಚ್ಚೆ ಬಿಗಿದು, ಬಗ್ಗಿ, ಎರಡೂ ಕೈಯಲ್ಲಿ ಗಿಡ ತಬ್ಬಿ ಎಳೆದ. ರಾಗಿ ಪೈರಿನಷ್ಟೂ ತಡೆಯದೆ ಗಿಡ ಕೈಗೆ ಬಂತು. ಬಂತು ಅನ್ನೋದರೊಳಗೆ ಬಲಿತ ಕಾಯಿಗಳೆಲ್ಲ ಟಪ್ ಟಪ್ ಟಪ್ ಅಂತ ಸಿಡಿದು ಹಿತ್ತಲ ತುಂಬಾ ಬೀಜ ಚೆಲ್ಲಿದವು.

"ಸತ್ತಿತು. ಹಿತ್ತಲು ನಮ್ಮದು," ಅಂದ ರಾಜ.

"ನಿಮ್ಮದೇ ಬುದ್ಧಿ," ಸಾಕವ್ವ ಕೈಮುಗಿದಳು. "ನಿಮ್ಮ ನೆಲದ ಮೇಲೆ ನಿಮ್ಮ ಕೈಯಿಂದಲೇ ಬೀಜ ಬಿತ್ತು. ಯುಗಾದಿ ದಿನ ನೀವು ಹೊನ್ನಾರು ಹೂಡಿ ಮೊದಲನೇ ಹಿಡಿ ಬೀಜ ಚೆಲ್ತೀರಲ್ಲ, ಆ ನೆಲಕ್ಕೊಂದು ಕಟ್ಟಳೆ ಇದೆಯಂತೆ?"

ಮಂತ್ರಿಗೆ ಕಟ್ಟಳೆ ಅಂದರೆ ಪಾಯಸ ಇದ್ದ ಹಾಗೆ. ಕಣ್ಣು ಮುಚ್ಚಿಕೊಂಡು ಒಪ್ಪಿಸಿಬಿಟ್ಟ: "ಅರಸನ ಕೈಯಿಂದ ಬೀಜ ಬಿದ್ದ ನೆಲವನ್ನು ಕೊಯ್ಲು ಮುಗಿಯುವವರೆಗೆ, ಕೊಯ್ಯುವವರ ಹೊರತು, ಮನುಷ್ಯನಾಗಲಿ ಮೃಗವಾಗಲಿ ತುಳಿಯಕೂಡದು. ಪಕ್ಕದ ಮನೆಯವರು ಮಾತ್ರ ಒಳಗಿದ್ದು ಕಾಯತಕ್ಕದ್ದು."

ಆನೆ ಎತ್ತಿದ್ದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟುಕೊಂಡಿತಂತೆ.

ರಾಜ ನಕ್ಕ. "ಒಂದು ಕೊಯ್ಲು ತಾನೆ? ಕಾಯೋಣ."

ಮುಂದಿನ ಮಳೆಗೆ ಹಿತ್ತಲೆಲ್ಲಾ ಕರ್ಣಕುಂಡಲ. ಕಾಯಿ ಬಲಿತಾಗ ರಾಜನ ಆಳುಗಳು ಕುಡುಗೋಲು ತಂದರು. ಮುಟ್ಟಿದರು, ಟಪ್ ಟಪ್ ಟಪ್. "ಮತ್ತೆ ಬಿತ್ತನೆ ಆಗಿಹೋಯ್ತು ಬುದ್ಧಿ, ಕೊಯ್ಲು ಬರೋ ವರ್ಷ," ಅಂದ ಮಂತ್ರಿ. ಬರೋ ವರ್ಷವೂ ಅಷ್ಟೇ, ಅದರಾಚೆ ವರ್ಷವೂ ಅಷ್ಟೇ. ಕೊಯ್ಯಲು ಕೈ ಹಾಕಿದರೆ ಬಿತ್ತನೆಯಾಗುವ ಬೆಳೆಗೆ ಕೊಯ್ಲು ಎಲ್ಲಿಂದ ಬರಬೇಕು?

ಇಷ್ಟಕ್ಕೇ ರಾಜ ಸೋಲೊಪ್ಪುತ್ತಿರಲಿಲ್ಲವೋ ಏನೋ. ಆದರೆ ಅವನು ಗಿಡ ಕಿತ್ತ ದಿನ ಸಿಡಿದ ಬೀಜದಲ್ಲಿ ಮೂರು ಅವನ ಮೀಸೆಗೂ ಸಿಕ್ಕಿಕೊಂಡಿದ್ದವಂತೆ. ಊಟಕ್ಕೆ ಮೂರು ಚೊಂಬು ಮಜ್ಜಿಗೆ ಕುಡಿಯೋ ಮೀಸೆ, ತೇವಕ್ಕೇನು ಕಡಿಮೆ? ಎಡಕ್ಕೆರಡು, ಬಲಕ್ಕೊಂದು ಗಿಡ ಎದ್ದು ಹೂ ಬಿಟ್ಟವು. ರಾಣಿಗೆ ಬಹಳ ಇಷ್ಟವಾಯಿತು. ರಾಜನಿಗೆ ಮಾತ್ರ ಗಂಭೀರವಾಗಿ ಒಂದು ತೀರ್ಪು ಹೇಳೋಕಾಗದು. ಬಾಯಿ ತೆರೆದರೆ ದುಂಬಿ ಬಂದು ಕೂರುತ್ತಿತ್ತು. ಕಾಯಿ ಕಚ್ಚಿದ ಮೇಲೆ ಕ್ಷೌರದವನನ್ನು ಕರೆಸಿದ. ಕತ್ತಿ ತಗುಲಿತು, ಟಪ್ ಟಪ್. ಮೂರು ಗಿಡದ ಜಾಗದಲ್ಲಿ ಮೂವತ್ತು ಮೊಳಕೆ. ಎರಡನೇ ಸಲ ಮುನ್ನೂರು. ಮೂರನೇ ಸಲ ರಾಜ ಕನ್ನಡಿ ಕೆಳಗಿಟ್ಟು ನಿಟ್ಟುಸಿರು ಬಿಟ್ಟನಂತೆ.

"ಮೂಗಿನ ಕೆಳಗಿನ ಬೆಳೆಯನ್ನೇ ಕೊಯ್ಯೋಕಾಗಲಿಲ್ಲ, ಗೋಡೆಯಾಚೆಯದನ್ನ ಏನು ಕೊಯ್ಲಿ? ಹಿತ್ತಲು ಸಾಕವ್ವನಿಗೇ ಇರಲಿ. ಆನೆಗೆ ಕೆರೆಯಾಚೆ ಲಾಯ ಕಟ್ಟಿಸಿ."

ಕರ್ಣಕುಂಡಲದ ಕಾವಲಿನಲ್ಲಿ ಸಾಕವ್ವ ಒಂದು ಸಂಪಿಗೆ ಸಸಿಯನ್ನೂ ನೆಟ್ಟಳು. ಇನ್ನು ಅವಸರವಿಲ್ಲವಲ್ಲ, ಏಳು ವರ್ಷ ತಗೊಂಡರೆ ತಗೊಳ್ಳಲಿ ಅಂದಳಂತೆ. ದೊಡ್ಡೀರ ಮತ್ತೆ ಹನ್ನೆರಡು ಮುದ್ದೆ ಉಂಡು, ರಾಜನ ಮೀಸೆಗೆ ಪಾತಿ ಮಾಡಿದವನು ತಾನೇ ಅಂತ ಕಟ್ಟೆ ಮೇಲೆ ಹೇಳಿಕೊಂಡ.

ರಾಜ ಎಲ್ಲಿಗೆ ಸವಾರಿ ಹೋದರೂ ಧೂಳಿಗೆ ಸೀನುತ್ತಿದ್ದ. ಸೀನಿದಾಗೆಲ್ಲ ಬೀಜ ಹಾರುತ್ತಿತ್ತು. ಯಾರೂ ಬಿತ್ತದೆ ನಿಮ್ಮ ಬಚ್ಚಲ ಹಿಂದೆ ಕರ್ಣಕುಂಡಲ ಎದ್ದಿದ್ದರೆ, ಆ ದಾರಿಯಲ್ಲಿ ರಾಜ ಒಮ್ಮೆ ಸೀನಿದ್ದಾನೆ ಅಂತಲೇ ತಿಳಿಯಬೇಕಂತೆ.

ಸಾಕವ್ವನ ಹಿತ್ತಲು ಅಲ್ಲಿ ಅರಳಿತು, ನಮ್ಮ ಕಥೆ ಇಲ್ಲಿ ಮುದುಡಿತು.