ಚಿತ್ರದಲ್ಲಿಲ್ಲದ ಒಲೆ

ನಮ್ಮ ಗುರು ತಿಪ್ಪಯ್ಯ ಚಿತ್ರಗಾರರು ಗೋಡೆಯ ಮೇಲೆ ಹೊಳೆ ಬರೆದರೆ, ಎಮ್ಮೆಗಳು ನೀರು ಕುಡಿಯಲು ಬಂದು ಮೂತಿ ಜಜ್ಜಿಕೊಳ್ಳುತ್ತಿದ್ದವು. ಕಣ್ಣಾರೆ ಕಂಡಿದ್ದೇನೆ. ನನ್ನ ಜೊತೆ ಕಂಡವರು ಯಾರೂ ಈಗಿಲ್ಲ. ಎಮ್ಮೆಗಳೂ ಇಲ್ಲ.

ಗುರುಗಳ ಗುಡಿಸಲು ತುಂಗಭದ್ರೆಯ ದಡದಲ್ಲಿತ್ತು. ಹತ್ತಿರದಲ್ಲೇ ಹಳೆಯ ಕಲ್ಲುಮಂಟಪ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಮಂಟಪದ ಮಗ್ಗುಲಲ್ಲಿ ಹುಲಿಗೆವ್ವ ಒಲೆ ಹೂಡಿ ರೊಟ್ಟಿ ಬಡಿದು ಮಾರುತ್ತಿದ್ದಳು. ಅವಳ ಅತ್ತೆ ಕೂತಿದ್ದ ಜಾಗ ಅದು. ನಮ್ಮ ಊಟವೂ ಅವಳದೇ.

ಶಿಷ್ಯರಲ್ಲಿ ಮಾರೆಪ್ಪನ ಕೈ ಚುರುಕು. ಮಂಟಪದ ಚಿತ್ರ ಬರೆದು ಪ್ರವಾಸಿಗರಿಗೆ ಮಾರಲು ಕೂತ. ಯಾರೂ ಕೊಳ್ಳಲಿಲ್ಲ.

"ಎಲ್ಲಾ ಚೆಂದ ಐತಿ. ಆ ಮುದುಕಿ, ಆ ಹೊಗಿ ಯಾಕ ಬೇಕಿತ್ತು?" ಅಂದರು.

ಮಾರೆಪ್ಪ ಒಲೆ ಬಿಟ್ಟು ಬರೆದ. ಹೊಗೆ ಇದ್ದಲ್ಲಿ ನವಿಲು ಕೂತಿತು. ಬಣ್ಣ ಆರುವ ಮೊದಲೇ ಚಿತ್ರಗಳು ಮಾರಿಹೋಗತೊಡಗಿದವು. ಊರಿನ ಲಾಡ್ಜಿನ ಯಜಮಾನನಂತೂ ಕೋಣೆಗೊಂದು ತೂಗುಹಾಕಿದ.

ಒಂದು ಬೆಳಿಗ್ಗೆ ಅದೇ ಯಜಮಾನ ಚಿತ್ರ ಹಿಡಿದು ದಡಕ್ಕೆ ಬಂದ.

"ಏ ಮುದುಕಿ, ನಾಳೆ ನಿನ್ನ ಒಲಿ ಕೀಳಸ್ತೀನಿ. ಚಿತ್ರ ನೋಡಿ ಬಂದ ಮಂದಿ ನನ್ನ ಬೈತಾರ. ದಡ ಹಿಂಗಿರಬೇಕು."

ಹುಲಿಗೆವ್ವ ಹಿಟ್ಟಿನ ಕೈ ಒರೆಸಿಕೊಂಡು ಚಿತ್ರ ನೋಡಿದಳು.

"ಇದರಾಗ ನಾ ಎಲ್ಲಿ ಕುಂತೀನಿ?"

ಈಗ ನೆನೆಸಿದರೂ ಮೈ ಉರಿಯುತ್ತದೆ. ಬಣ್ಣದ ಹಾಳೆ ತೋರಿಸಿ ಬದುಕಿರುವ ಹೆಂಗಸನ್ನು ಕೂತ ಜಾಗದಿಂದ ಏಳಿಸುವುದು ಎಂದರೇನು?

ಮಧ್ಯಾಹ್ನ ಊಟಕ್ಕೆ ಕೂತೆವು. ಗುರುಗಳು ಎಲ್ಲರಿಗೂ ರೊಟ್ಟಿ ಹಾಕಿದರು. ಮಾರೆಪ್ಪನ ತಟ್ಟೆಯಲ್ಲಿ ಅವನ ಚಿತ್ರ ಇಟ್ಟರು.

"ಉಣ್ಣು."

"ನವಿಲು ಬರೆದದ್ದು ತಪ್ಪಾತೇನ್ರಿ, ಗುರುಗಳೇ?"

"ನವಿಲೇನು ಮಾಡೀತು? ಅದು ರೊಟ್ಟಿ ಬಡಿದು ಕೊಟ್ಟರ ತಿನ್ನು."

"ಜನ ಕೇಳಿದ್ದು ಕೊಟ್ಟೀನ್ರಿ. ಮಾರಾಂವ ಮತ್ತೇನು ಮಾಡಬೇಕು?"

ಗುರುಗಳ ಗಡ್ಡ ನಡುಗಿತು.

"ಊರು ಬರೆ ಅಂದಿದ್ದೆ. ಊರಿಗೆ ಬರೆ ಎಳೆ ಅಂದಿದ್ದೆನೇನಲೇ? ಬಣ್ಣ ಮಾರು, ನಿನ್ನ ಕೈಚಳಕ ಮಾರು. ಆಕಿ ಕುಂತ ಜಾಗ ಮಾರಾಕ ನೀ ಯಾವನು?"

ಮಾರೆಪ್ಪ ತಲೆ ತಗ್ಗಿಸಿದ. "ನಾಳೆ ಒಲಿ ಕೀಳ್ತಾರಲ್ರಿ. ಈಗೇನು ಮಾಡ್ಲಿ?"

"ಬಣ್ಣ ಕಲಸು," ಅಂದರು ಗುರುಗಳು.

ಬಸ್ಸು ನಿಲ್ಲುವಲ್ಲಿ ಛತ್ರದ ಗೋಡೆಯೊಂದು ಖಾಲಿ ಇತ್ತು. ಸಂಜೆಯೊಳಗೆ ಗುರುಗಳು ಅದರ ತುಂಬ ಹುಲಿಗೆವ್ವನನ್ನು ಬರೆದರು. ಮಂಟಪಕ್ಕಿಂತ ಎತ್ತರ. ಕೈಯಲ್ಲಿ ಸೂರ್ಯನಷ್ಟು ರೊಟ್ಟಿ. ಒಲೆಯ ಮುಂದೆ ದೇವತೆಗಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು.

ಮರುದಿನ ಬಸ್ಸಿಳಿದವರು ಮಂಟಪ ಕೇಳಲಿಲ್ಲ. "ಆ ಅಜ್ಜಿ ಒಲಿ ಎಲ್ಲೈತ್ರಿ?" ಎಂದೇ ಕೇಳಿದರು. ಯಜಮಾನನ ಆಳುಗಳು ಗುದ್ದಲಿ ಹೊತ್ತು ಬಂದರೆ, ಒಲೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಬಂದ ದಾರಿ ಹಿಡಿದರು.

ಮಾರೆಪ್ಪ ಮಾತ್ರ ಗೋಡೆಯ ಮುಂದೆಯೇ ನಿಂತಿದ್ದ.

"ಗುರುಗಳೇ, ದೇವತೆಗಳು ಯಾವತ್ತು ಬಂದಿದ್ರು ಇಲ್ಲಿಗೆ? ಸುಳ್ಳು ಬರೆದೆ ಅಂತ ನನ್ನ ಉಪವಾಸ ಕೆಡವಿದ್ರಿ. ಇದೂ ಸುಳ್ಳೇ ಅಲ್ಲೇನ್ರಿ?"

ಗುರುಗಳು ಭುಜ ಕುಣಿಸಿದರು.

"ಸುಳ್ಳೇ. ಆದರ ನನ್ನ ಸುಳ್ಳಿನಾಗ ಒಲಿ ಉರೀತೈತಿ."