ಬಾವಿಗೆ ಹಾಕಿದ ಒಗಟು

ಒಂದಾನೊಂದು ಊರಿನಲ್ಲಿ, ಊರು ಅಂದರೆ ಊರಲ್ಲ, ಒಂದು ದೊಡ್ಡ ಅಂಗಳ, ಅದರ ಸುತ್ತ ಕೂತು ನೋಡೋಕೆ ಅಂತ ಹುಟ್ಟಿಕೊಂಡ ಒಂದಷ್ಟು ಮನೆ, ಅಲ್ಲಿ ಚೌಕಪ್ಪ ಅಂತ ಒಬ್ಬ ದೊರೆ ಇದ್ದ. ಈ ಕತೆ ಹೇಳೋ ಹಕ್ಕು ನನಗೊಬ್ಬನಿಗೇ ಉಂಟು. ಯಾಕೆಂದರೆ ನಾನಾಗ ಹುಟ್ಟಿರಲಿಲ್ಲ. ಹುಟ್ಟಿದ್ದವರೆಲ್ಲ ಮರೆತುಬಿಟ್ಟರು.

ಚೌಕಪ್ಪ ದೊರೆಗೆ ಸೈನ್ಯ ಇರಲಿಲ್ಲ. ಬೊಕ್ಕಸ ಇರಲಿಲ್ಲ. ಇದ್ದದ್ದು ಆ ಅಂಗಳ. ಅಂಗಳದ ತುಂಬ ಕಪ್ಪು ಚೌಕ, ಬಿಳಿ ಚೌಕ. ಕಪ್ಪು ಚೌಕಕ್ಕೆ ಯಾರೂ ಕಾಲಿಡೋ ಹಾಗಿಲ್ಲ. ಬಿಳಿ ಚೌಕ ಮಾತ್ರ ಕೂರೋಕೆ. ಯಾರು ಕೂರೋಕೆ? ಒಗಟಿನ ಉತ್ತರಗಳು ಕೂರೋಕೆ.

ನಿಮ್ಮೂರಲ್ಲಿ ಒಗಟು ಹಾಕಿದರೆ ಮನುಷ್ಯರು ಬಿಡಿಸುತ್ತಾರೆ. ಆ ಊರಲ್ಲಿ ಹಾಗಲ್ಲ. ಯಾವುದರ ಮೇಲೆ ಒಗಟೋ ಅದೇ ಕೇಳಿಸಿಕೊಳ್ಳಬೇಕು. ಅದೇ ಯೋಚಿಸಬೇಕು. ‘ಓ, ಇದು ನಾನಲ್ಲವೇ’ ಅಂತ ಅದಕ್ಕೇ ಹೊಳೆದು, ಅದೇ ನಡೆದು ಬಂದು ಚೌಕದಲ್ಲಿ ಕೂರಬೇಕು. ಹೆಸರಿಗೆ ಎಷ್ಟು ಅಕ್ಷರವೋ ಅಷ್ಟು ಚೌಕ. ಆನೆಗೆ ಎರಡೇ ಚೌಕ. ಪಾಪ, ಸೊಂಡಿಲು, ಬಾಲ, ಕಿವಿ ಎಲ್ಲ ಮಡಚಿಕೊಂಡು ಕೂರುತ್ತಿತ್ತು. ಇರುವೆಗೆ ಮೂರು ಚೌಕ. ಅದು ಕಾಲು ಚಾಚಿ ಮಲಗಿ ಆನೆ ಕಡೆ ತಿರುಗಿ, “ಇಕ್ಕಟ್ಟಾಯ್ತೇನಣ್ಣ?” ಅನ್ನುತ್ತಿತ್ತು.

ತೀರ್ಪು ಹೇಳೋದು ದೊರೆ. ಉತ್ತರ ಓಡಿ ಬಂದರೆ ಅದು ಹಸಿ ಒಗಟು. ಒಂದು ವೀಳ್ಯ ಅಗಿಯುವಷ್ಟು ಹೊತ್ತು ತಲೆ ಕೆರೆದು, ನಾಚಿ ನಗುತ್ತಾ ಬಂದರೆ ಅದು ಹಣ್ಣು ಒಗಟು. ಒಂದು ಒಗಟು ಕೊಟ್ಟು, ಅದು ಸಾಲದೆ ಇನ್ನೊಂದು ಕೊಟ್ಟವರು ಸೋತ ಹಾಗೆ. ಇನ್ನು, ಬೇರೆ ಯಾರಾದರೂ ಬಾಯಿಬಿಟ್ಟು ಉತ್ತರ ಹೇಳಿಬಿಟ್ಟರೆ ಆ ವಸ್ತುವಿನ ಹೆಸರೇ ಹೋಗಿಬಿಡುತ್ತದೆ. ಹಿಂದೊಮ್ಮೆ ಒಬ್ಬ ತಡೆಯಲಾರದೆ ಕೂಗಿಬಿಟ್ಟಿದ್ದ. ಆ ವಸ್ತು ಇವತ್ತಿಗೂ ಬೀದಿ ಮೂಲೆಯಲ್ಲಿ ಬಿದ್ದಿದೆ. ಅದೇನು ಅಂತ ಯಾರಿಗೂ ಗೊತ್ತಿಲ್ಲ. ಕೆಲವರು ಅದರ ಮೇಲೆ ಬಟ್ಟೆ ಒಣಹಾಕುತ್ತಾರೆ.

ಆ ಊರಲ್ಲಿ ಒಗಟು ಹೆಣೆಯೋದರಲ್ಲಿ ಇಬ್ಬರೇ ಗಟ್ಟಿಗರು. ಒಬ್ಬಳು ಸಣ್ಣೀರಮ್ಮ. ಇನ್ನೊಬ್ಬ ಎದುರು ಮನೆ ಮಂಚಯ್ಯ. ಇಬ್ಬರೂ ಸ್ನೇಹಿತರು. ಪಂದ್ಯವೂ ಸ್ನೇಹದ್ದೇ. ಸೋತವರು ಗೆದ್ದವರ ಮನೆಗೆ ಮುಂದಿನ ಪಂದ್ಯದವರೆಗೆ ದಿನಾ ಒಂದು ಬಿಂದಿಗೆ ನೀರು ಹೊರಬೇಕು, ಅಷ್ಟೇ. ಸಣ್ಣೀರಮ್ಮ ಹೊತ್ತಳು, ಹೊತ್ತಳು, ಹೊರುತ್ತಲೇ ಬಂದಳು. ಅವಳ ನೆತ್ತಿಯ ಮೇಲೆ ಬಿಂದಿಗೆ ಕೂರುವಷ್ಟು ತಗ್ಗು ಬಿದ್ದಿತ್ತು. ಸಿಂಬಿಯೇ ಬೇಕಿರಲಿಲ್ಲ.

ಮಂಚಯ್ಯ ಜಗಲಿ ಮೇಲೆ ಕಾಲಾಡಿಸುತ್ತಾ, “ತುಳುಕಿಸಬ್ಯಾಡ ಸಣ್ಣೀರಿ, ಗೆದ್ದ ನೀರು ಅದು,” ಅನ್ನುತ್ತಿದ್ದ.

“ಕುಡಿ, ಕುಡಿ. ಮುಂದಿನ ಸಲ ನಿನ್ನ ಬೋಳುತಲೆ ಮ್ಯಾಲೆ ಬಿಂದಿಗೆ ನಿಲ್ಲುತ್ತೋ ಜಾರುತ್ತೋ ನೋಡಾನ,” ಅನ್ನುತ್ತಿದ್ದಳು ಇವಳು.

ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಮಂಚಯ್ಯ ತಲೆ ಮೇಲೆ ಬಿಂದಿಗೆ ಹೊತ್ತು ತನ್ನ ಹೊಸಿಲ ಮುಂದೆ ನಿಂತಿರಬೇಕು. ಅದನ್ನು ಕಣ್ಣಾರೆ ನೋಡಿ ಆಮೇಲೆ ಸತ್ತರೂ ಸರಿ, ಬದುಕಿದ್ದರೂ ಸರಿ.

ಪಂದ್ಯದ ದಿನ ಬಂತು. ಮೊದಲು ಮಂಚಯ್ಯ ಎದ್ದ. ಗಂಟಲು ಸರಿಮಾಡಿಕೊಂಡು ಹೇಳಿದ:

“ದಿನಾ ಬಾಗಿಲಿಗೆ ಬರ್ತಾನೆ, ಒಳಗೆ ಕರೆಯೋ ಹಾಗಿಲ್ಲ. ಎಲ್ಲಾರನ್ನೂ ನೋಡ್ತಾನೆ, ಅವನನ್ನ ನೆಟ್ಟಗೆ ನೋಡೋ ಹಾಗಿಲ್ಲ.”

ಆಕಾಶದಲ್ಲಿ ಸೂರ್ಯ ನಿಂತ. ತಲೆ ಕೆರೆದ. ದೊರೆ ಒಂದು ವೀಳ್ಯ ಅಗಿದು ಮುಗಿಸುವ ಹೊತ್ತಿಗೆ ಸೂರ್ಯ ನಕ್ಕ. ನಕ್ಕು, ಮರದಿಂದ ಇಳಿಯುವ ಹಾಗೆ ಕೊಂಬೆ ಕೊಂಬೆ ಮೋಡ ಹಿಡಿದು ಇಳಿದುಬಂದ. ಊರಿಗೆ ಊರೇ ಎದ್ದು ನಿಂತಿತು. ಅವನು ತನ್ನ ಬಿಸಿಯನ್ನು ಚಪ್ಪಲಿ ಬಿಡುವ ಹಾಗೆ ಊರಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದ. ಹತ್ತಿರದಿಂದ ನೋಡಿದರೆ ಹಳೆಯ ತಾಮ್ರದ ಹರಿವಾಣದ ಹಾಗಿದ್ದ. ಮುಖದಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿದ ಗೆರೆಗಳು.

ಆವತ್ತಿನ ಚೌಕದಲ್ಲಿ ಅವನ ಹೆಸರು ರವಿ. ಮೇಲೊಂದು, ಕೆಳಗೊಂದು, ಎರಡು ಚೌಕ. ಮೇಲಿನದರಲ್ಲಿ ಒಂದು ಕಾಲಿಟ್ಟ. ಕೆಳಗಿನದಕ್ಕೆ ಇನ್ನೊಂದು ಕಾಲು ಎತ್ತಿದವನು ಹಾಗೇ ನಿಂತ. ಯಾಕೆಂದರೆ ‘ವಿ’ ಕೂರುವ ಆ ಚೌಕ ಪಾಲಿನ ಚೌಕ. ಅಡ್ಡಸಾಲಿನಲ್ಲಿ ಬರುವವರಿಗೂ ಅದರಲ್ಲಿ ಪಾಲುಂಟು. ಪಾಲಿನ ಚೌಕಕ್ಕೆ ಇಬ್ಬರೂ ಒಟ್ಟಿಗೇ ಕಾಲಿಡಬೇಕು. ಅಡ್ಡ ಬರಬೇಕಾದದ್ದು ಸಣ್ಣೀರಮ್ಮನ ಒಗಟಿನ ಉತ್ತರ.

ಸಣ್ಣೀರಮ್ಮ ಎದ್ದಳು. ಸೆರಗು ಸಿಕ್ಕಿಸಿಕೊಂಡು ಹೇಳಿದಳು:

“ಆಕಾಶ ನುಂಗುತ್ತೆ, ಹೊಟ್ಟೆ ತುಂಬಲ್ಲ. ಹಗ್ಗ ನುಂಗುತ್ತೆ, ಅರಗಿಸಿಕೊಳ್ಳಲ್ಲ. ನೀನು ಕೂಗಿದ್ದನ್ನ ನಿನಗೇ ವಾಪಸ್ಸು ಕೊಡುತ್ತೆ, ಒಂದು ಮಾತೂ ಇಟ್ಟುಕೊಳ್ಳಲ್ಲ.”

ಉತ್ತರ ಬಾವಿ. ನಿಮಗೆ ಹೇಳಿದರೆ ತೊಂದರೆಯಿಲ್ಲ, ನೀವು ಆ ಊರವರಲ್ಲ. ಊರವರಿಗೂ ಗೊತ್ತಾಯಿತು. ಭಲೆ ಭಲೆ ಅಂದರು. ಮಂಚಯ್ಯನ ಮುಖ ಸಣ್ಣಗಾಯಿತು. ಎಲ್ಲರಿಗೂ ಗೊತ್ತಾಯಿತು, ಬಾವಿಗೆ ಮಾತ್ರ ಗೊತ್ತಾಗಲಿಲ್ಲ.

ದೊರೆ ಒಂದು ವೀಳ್ಯ ಅಗಿದ. ಇನ್ನೊಂದು ಅಗಿದ. ಎಲೆಯ ಬುಟ್ಟಿ ಖಾಲಿಯಾಯಿತು. ಆಗ ಬಾವಿ ಎದ್ದಿತು. ಕೂರೋಕೆ ಬರಲಿಲ್ಲ, ಉತ್ತರ ಹುಡುಕಿಕೊಂಡು ಹೊರಟಿತು.

ಬಾವಿ ಎದ್ದರೆ ಅಲ್ಲೇನು ಉಳಿಯುತ್ತೆ? ಗುಂಡಿ ಅನ್ನುವವರು ದಡ್ಡರು. ಗುಂಡಿಯೇ ಎದ್ದು ಹೋದ ಮೇಲೆ ಗುಂಡಿ ಎಲ್ಲಿಂದ ಬರಬೇಕು? ಸಪಾಟು ನೆಲ ಉಳಿಯಿತು. ಅದರ ಮೇಲೆ ಹಗ್ಗ, ರಾಟೆ, ಬಿಂದಿಗೆ ಪೆಚ್ಚಾಗಿ ಕೂತವು. ಬಾವಿ ಮಾತ್ರ ಒಂದು ಹನಿ ಚೆಲ್ಲದೆ ಬೀದಿಯಲ್ಲಿ ನಡೆಯಿತು.

ಸಣ್ಣೀರಮ್ಮನ ಎಮ್ಮೆಯನ್ನು ಕೇಳಿತು. “ಹಗ್ಗ ನುಂಗೋದು ನೀನಾ?”

“ಹಗ್ಗ ನನ್ನ ಕೊರಳಾಗೆ ಅದೆ, ಹೊಟ್ಟೆಯಾಗೆ ಇಲ್ಲ. ಮುಂದೆ ಹೋಗು,” ಅಂದಿತು ಎಮ್ಮೆ.

ಗುಡ್ಡವನ್ನು ಕೇಳಿತು. “ಕೂಗಿದ್ದನ್ನ ವಾಪಸ್ಸು ಕೊಡೋದು ನೀನಾ?”

“ಆ ಸಾಲೇನೋ ನಾನೇ. ಮಿಕ್ಕ ಸಾಲು ನಾನಲ್ಲ. ಒಂದು ಸಾಲಿಗೆ ಆಸೆಪಟ್ಟು ಹೋಗಿ ಕೂರೋಕಾಗುತ್ತಾ? ಒಗಟಿಗೂ ಒಂದು ಮರ್ಯಾದೆ ಅದೆ,” ಅಂದಿತು ಗುಡ್ಡ.

ಇತ್ತ ಊರಲ್ಲಿ ಹೊತ್ತು ಮುಳುಗಲಿಲ್ಲ. ಹೇಗೆ ಮುಳುಗಬೇಕು? ಸೂರ್ಯ ಅಂಗಳದಲ್ಲಿ ಒಂಟಿಕಾಲಲ್ಲಿ ನಿಂತಿದ್ದಾನೆ. ಅವನು ಊರಬಾಗಿಲಲ್ಲಿ ಬಿಟ್ಟ ಬಿಸಿ ಅಲ್ಲೇ ಬಿದ್ದು ಕಾಯುತ್ತಿದೆ. ಕಲ್ಲು ಬೆವರಿತು. ನೆರಳು ತನಗೂ ನೆರಳು ಬೇಕು ಅಂತ ಮನೆ ಒಳಗೆ ಹೋಯಿತು. ಕುಡಿಯೋಣ ಅಂದರೆ ಬಾವಿ ಊರಲ್ಲಿಲ್ಲ. ಸಣ್ಣೀರಮ್ಮನ ಎಮ್ಮೆ ನಾಲಿಗೆ ಹೊರಹಾಕಿತು. ಅದು ಮತ್ತೆ ಒಳಗೆ ಹೋಗಲೊಲ್ಲದು.

ದೊರೆ ಸೂರ್ಯನ ಹತ್ತಿರ ಹೋಗಿ, “ಆ ಕಾಲು ಅರ್ಧ ಇಳಿಸು, ಅರ್ಧ ರಾಜ್ಯ ಕೊಡ್ತೀನಿ,” ಅಂದ.

“ನಿನ್ನ ರಾಜ್ಯವನ್ನ ನಾನು ದಿನಾ ಪೂರ್ತಿ ನೋಡ್ತೀನಿ. ಅರ್ಧ ಇಟ್ಟುಕೊಂಡು ಏನು ಮಾಡ್ಲಿ?” ಅಂದ ಸೂರ್ಯ. “ಕಾಲು ಜೋಮು ಹಿಡೀತಾ ಅದೆ ದೊರೆ. ಅದನ್ನ ಬೇಗ ಕರೆಸು.”

ಎಲ್ಲರೂ ಸಣ್ಣೀರಮ್ಮನ ಕಡೆ ತಿರುಗಿದರು. ಮಂಚಯ್ಯ ಮೆಲ್ಲಗೆ ಹೇಳಿದ. “ಇನ್ನೊಂದು ಒಗಟು ಕೊಟ್ಟುಬಿಡು ಸಣ್ಣೀರಿ. ಸುಲಭದ್ದು.”

“ಕೊಟ್ರೆ ನಾನು ಸೋತ ಹಾಗೆ.”

“ಹೌದು, ಸೋತ ಹಾಗೆ.”

“ನೀನು ಗೆದ್ದ ಹಾಗೆ.”

“ಅದೂ ಹೌದು,” ಅಂದ ಮಂಚಯ್ಯ. ಅವನ ತುಟಿ ಒಡೆದಿತ್ತು. ನಗೋಕೆ ನೋಡಿದ, ನೋಯಿತು.

ಸಣ್ಣೀರಮ್ಮ ಸೆರಗು ತಲೆ ಮೇಲೆ ಎಳೆದುಕೊಂಡಳು. ಬಾವಿಯ ಹೆಜ್ಜೆ ಹಿಡಿದು ಹೊರಟಳು. ಬಾವಿಯ ಹೆಜ್ಜೆ ಅಂದರೆ ದಾರಿಯಲ್ಲಿ ಅಲ್ಲಲ್ಲಿ ಒದ್ದೆಯ ವಾಸನೆ. ಗುಡ್ಡದ ಬುಡದಲ್ಲಿ ಬಾವಿ ಸುಸ್ತಾಗಿ ಕೂತಿತ್ತು.

“ಅಕ್ಕಾ, ಎಲ್ಲಾರನ್ನೂ ಕೇಳಿದೆ. ಆಕಾಶ ನುಂಗುವಂಥ ದೊಡ್ಡದು ಯಾವುದೂ ಸಿಗಲಿಲ್ಲ,” ಅಂದಿತು ಬಾವಿ. “ನಾನು ಕಂಡಿರೋ ಆಕಾಶ ತಟ್ಟೆಯಷ್ಟು. ಅದನ್ನೂ ನಾನು ನುಂಗಿಲ್ಲ. ಬರೀ ನೋಡ್ತಾ ಬಂದೀನಿ.”

ಸಣ್ಣೀರಮ್ಮನಿಗೆ ಏನೋ ಚುಚ್ಚಿತು. ತಾನು ಹೆಣೆದದ್ದು ಮೇಲೆ ನಿಂತವರು ಕಂಡ ಬಾವಿ. ಬಾವಿ ಕಂಡ ಬಾವಿ ಬೇರೆಯೇ ಇರಬೇಕು. ಬಗ್ಗಿ ನೋಡಿದಳು. ಕಂಡದ್ದು ತನ್ನದೇ ಮುಖ. ಅಭ್ಯಾಸಬಲ, ಕೈ ತಾನಾಗಿ ಮುಂಗುರುಳು ತೀಡಿತು. ಆಮೇಲೆ ಆ ಕೈ ಅಲ್ಲೇ ನಿಂತಿತು. ಇಷ್ಟು ಕಾಲ ಈ ಬಾವಿಯಲ್ಲಿ ನೀರು ಸೇದಿದ್ದೇನೆ, ಮುಂಗುರುಳು ತೀಡಿದ್ದೇನೆ, ಬಾವಿಯನ್ನು ಒಂದು ದಿನವಾದರೂ ನೋಡಿದ್ದೇನೆಯೇ?

ತನ್ನ ಮುಖವನ್ನು ಬಿಟ್ಟು ಅದರ ಆಚೆ ನೋಡಿದಳು. ಕಲ್ಲಿನ ಸಂದಿಯಲ್ಲಿ ಜರಿಗಿಡ. ಒಂದು ಪಾರಿವಾಳದ ಗೂಡು. ಅದರ ಕೆಳಗೆ ತಣ್ಣನೆಯ ಕತ್ತಲು, ಯಾರೂ ಮುಟ್ಟದೆ ಇಟ್ಟಂಥದ್ದು. ಕತ್ತಲಿನ ತಳದಲ್ಲಿ, ನಡುಹಗಲಿನಲ್ಲಿ, ಒಂದು ಚುಕ್ಕಿ. ಸದ್ದಿಲ್ಲದೆ ಉರಿಯುತ್ತಾ ಇತ್ತು.

ಸಣ್ಣೀರಮ್ಮ ಅದರಿಂದ ಕಣ್ಣು ಕೀಳದೆ ಮೆಲ್ಲಗೆ ಹೇಳಿದಳು:

“ಮುಂದೆ ಬಂದವರೆಲ್ಲ ತಲೆ ಬಾಗಿಸ್ತಾರೆ, ದೊರೆನೂ ಬಾಗಿಸ್ತಾನೆ. ಬಾಗಿಸಿದವರು ತಮ್ಮ ಮುಖ ನೋಡ್ಕೊಂಡು ಹೋಗ್ತಾರೆ, ನನ್ನ ನೋಡಲ್ಲ. ತಟ್ಟೆಯಷ್ಟು ಆಕಾಶ ನನ್ನ ಆಸ್ತಿ. ಹಗಲಿಗೂ ಒಂದು ಚುಕ್ಕಿ ಇಟ್ಟೀನಿ, ಯಾರೂ ಕೇಳಿಲ್ಲ.”

ಬಾವಿಯ ನೀರು ನಡುಗಿತು. ಸುಮ್ಮನಾಯಿತು. ಮತ್ತೆ ನಡುಗಿತು.

“ಅಕ್ಕಾ,” ಅಂದಿತು ಬಾವಿ, “ಅದು ನಾನು.”

ಅಂದದ್ದೇ ತಡ, ಓಡಿತು. ಗುಡ್ಡ ದಾರಿ ಬಿಟ್ಟಿತು. ಎಮ್ಮೆ ದಾರಿ ಬಿಟ್ಟಿತು. ಬಾವಿ ಅಂಗಳಕ್ಕೆ ಬಂದು ಒಂದು ಚೌಕಕ್ಕೆ ಕಾಲಿಟ್ಟಿತು. ಪಾಲಿನ ಚೌಕಕ್ಕೆ ಬಾವಿಯೂ ಸೂರ್ಯನೂ ಒಟ್ಟಿಗೇ ಕಾಲಿಟ್ಟರು. ಸೂರ್ಯ ಉಸ್ಸೆಂದು ಜೋಮು ಬಿಡಿಸಿಕೊಂಡು, ಬಾವಿಯೊಳಗಿನ ಚುಕ್ಕಿಗೆ ತಲೆಯಾಡಿಸಿ, ಊರಬಾಗಿಲಲ್ಲಿದ್ದ ಬಿಸಿ ಮೆಟ್ಟಿಕೊಂಡು ಪಡುವಣಕ್ಕೆ ಹೊರಟ. ದೊರೆ ಬಾವಿಯ ಮುಂದೆ ಬಂದ. ತನಗೆ ಗೊತ್ತಿಲ್ಲದೆ ತಲೆ ಬಾಗಿಸಿದ. ಮೀಸೆ ತೀಡೋಕೆ ಹೋದ ಕೈ ಅರ್ಧಕ್ಕೇ ನಿಂತಿತು. ಮತ್ತೆ ಆ ತಲೆ ಬೇಗ ಮೇಲೇಳಲಿಲ್ಲ.

ಎದ್ದ ಮೇಲೆ ತೀರ್ಪು ಹೇಳಿದ. “ಎರಡನೇ ಒಗಟು. ಅದೂ ಓಡಿ ಬಂದದ್ದು. ಸಣ್ಣೀರಮ್ಮ ಸೋತಳು.” ಹೇಳುವಾಗ ದನಿ ಸಣ್ಣಗಿತ್ತು.

“ಗೊತ್ತು. ಬಿಂದಿಗೆ ತನ್ನಿ,” ಅಂದಳು ಸಣ್ಣೀರಮ್ಮ.

ಬಾವಿ ತನ್ನ ಜಾಗಕ್ಕೆ ಹೋಗಿ ಕೂತಿತು. ಮೊದಲು ಎಮ್ಮೆ ಕುಡಿಯಿತು, ಊರು ಕುಡಿಯಿತು. ಆಮೇಲೆ ಸಣ್ಣೀರಮ್ಮ ಬಿಂದಿಗೆ ತುಂಬಿ, ನೆತ್ತಿಯ ತಗ್ಗಿನಲ್ಲಿ ಕೂರಿಸಿ, ಮಂಚಯ್ಯನ ಜಗಲಿಗೆ ತಂದಿಟ್ಟಳು. ತಿರುಗಿ ನೋಡದೆ ಮನೆಗೆ ಹೋದಳು.

ಮಂಚಯ್ಯ ತಂಬಿಗೆ ಹಿಡಿದು ಬಗ್ಗಿದ. ಬಿಂದಿಗೆಯ ತಳದಲ್ಲಿ ಆ ಚುಕ್ಕಿ ಇತ್ತು.

ಅವನು ತಂಬಿಗೆ ಕೆಳಗಿಟ್ಟ. ಕೂತ. ಎದ್ದ. ಚುಕ್ಕಿ ಹೋಗಲಿಲ್ಲ. ಇಷ್ಟು ವರ್ಷ ಕುಡಿದ ನೀರನ್ನೆಲ್ಲ ನೆನೆದು ಅವನ ಗಂಟಲು ಒಣಗಿತು.

ಸಣ್ಣೀರಮ್ಮನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದಳು. ಹೊಸಿಲಾಚೆ ಮಂಚಯ್ಯ ನಿಂತಿದ್ದ. ಬೋಳುತಲೆಯ ಮೇಲೆ ಬಿಂದಿಗೆ. ಜಾರದ ಹಾಗೆ ಎರಡೂ ಕೈ ಮೇಲೆತ್ತಿ ಹಿಡಿದಿದ್ದ. ದೇವರನ್ನು ಹೊತ್ತವನಂತೆ ಕಾಣುತ್ತಿದ್ದ.

“ಇದು ನಿಂದು,” ಅಂದ. “ಇದನ್ನ ಕುಡಿಯುವಷ್ಟು ನಾನು ಗೆದ್ದಿಲ್ಲ.”

ಸಣ್ಣೀರಮ್ಮ ಅವನನ್ನು ಮೇಲಿಂದ ಕೆಳಗೆ ಕಣ್ತುಂಬ ನೋಡಿದಳು. ಕೆಳಗಿಂದ ಮೇಲೆ ಮತ್ತೊಮ್ಮೆ ನೋಡಿದಳು. ಆಮೇಲೆ ಅಂದಳು:

“ನನ್ನದೂ ಅಲ್ಲ ಮಂಚಯ್ಯ. ನಡಿ, ವಾಪಸ್ಸು ಬಿಟ್ಟು ಬರಾನ. ತುಳುಕಿಸಬ್ಯಾಡ.”

ಅವನು ಮುಂದೆ, ಅವಳು ಹಿಂದೆ. ಹಾಗೆ ಹೋದರು.

ಈ ಕತೆಯ ನೀತಿ ಇಷ್ಟೇ: ಬಾವಿಗೆ ಒಗಟು ಹಾಕುವ ಮುಂಚೆ ಮನೆಯಲ್ಲಿ ಒಂದು ಬಿಂದಿಗೆ ನೀರು ತುಂಬಿಟ್ಟುಕೊಳ್ಳಿ. ಚುಕ್ಕಿ ಬಾವಿಯಲ್ಲಿ, ಬಾವಿ ಆ ಊರಿನಲ್ಲಿ, ಆ ಊರು ನನ್ನ ಬಾಯಲ್ಲಿ. ಬಾಯಿ ಒಣಗಿತು, ಒಂದು ಲೋಟ ನೀರು ಕೊಡಿ.